ಸಾಮಾನ್ಯ ಪ್ರೇಕ್ಷಕನ ತೀರ್ಪು

ಚಲನಚಿತ್ರ ಮುಗಿದು ದೀಪಗಳು ಹೊತ್ತಿಕೊಂಡ ಕೂಡಲೆ ಪ್ರತಿಯೊಂದು ಚಿತ್ರಮಂದಿರದ ಬಾಗಿಲಲ್ಲಿಯೂ ಒಂದು ನ್ಯಾಯಾಲಯ ಸೇರುತ್ತದೆ. ಅದಕ್ಕೆ ಪೀಠವಿಲ್ಲ, ವಕೀಲರಿಲ್ಲ, ಸಾಕ್ಷಿಗಳಿಲ್ಲ. ಹೊರಗೆ ಬರುತ್ತಿರುವ ಜನರೇ ಅದರ ನ್ಯಾಯಾಧೀಶರು. “ಚೆನ್ನಾಗಿದೆ”, “ಪರವಾಗಿಲ್ಲ”, “ದುಡ್ಡು ದಂಡ” ಎಂಬ ಮೂರು ತೀರ್ಪುಗಳಲ್ಲಿ ಒಂದನ್ನು ಕೊಟ್ಟು ಅವರು ತಮ್ಮ ತಮ್ಮ ಮನೆಯ ದಾರಿ ಹಿಡಿಯುತ್ತಾರೆ. ಬಸ್ಸು ಬರುವಷ್ಟರಲ್ಲಿ ವಿಚಾರಣೆ ಮುಗಿದುಹೋಗಿರುತ್ತದೆ. ಹಲವು ತಿಂಗಳು ಹಲವರು ದುಡಿದು ಸಿದ್ಧಪಡಿಸಿದ ಒಂದು ಕೃತಿಯ ಹಣೆಬರಹ ಹೀಗೆ ಒಂದೆರಡು ಮಾತುಗಳಲ್ಲಿ ನಿರ್ಣಯವಾಗಿಬಿಡುತ್ತದೆ.

ಈ ತೀರ್ಪುಗಾರನನ್ನು ಸಾಮಾನ್ಯ ಪ್ರೇಕ್ಷಕ ಎಂದು ಕರೆಯುವುದು ವಾಡಿಕೆ. ಅವನು ಕಚೇರಿಯ ಗುಮಾಸ್ತನಾಗಿರಬಹುದು. ಸಂತೆಯ ಕೆಲಸ ಮುಗಿಸಿಕೊಂಡು ಹಾಗೆಯೇ ಆಟ ನೋಡಲು ಬಂದ ರೈತನಾಗಿರಬಹುದು. ಹಬ್ಬದ ಮಾರನೆಯ ದಿನ ಮಕ್ಕಳನ್ನು ಕರೆತಂದ ಗೃಹಿಣಿಯಾಗಿರಬಹುದು. ಪ್ರೌಢಶಾಲೆಯ ವಿದ್ಯಾರ್ಥಿಯೂ ಆಗಿರಬಹುದು. ಛಾಯಾಗ್ರಹಣವನ್ನಾಗಲಿ ಸಂಕಲನವನ್ನಾಗಲಿ ಅವನು ಅಭ್ಯಾಸ ಮಾಡಿದವನಲ್ಲ. ಬಿಡುವಾದಾಗ ಚಿತ್ರ ನೋಡುತ್ತಾನೆ, ಸಂತೋಷಪಡುತ್ತಾನೆ, ಕೆಲವೊಮ್ಮೆ ಕಣ್ಣೀರಿಡುತ್ತಾನೆ, ಮರೆಯುತ್ತಾನೆ. ಇಂಥವನ ಅಭಿಪ್ರಾಯಕ್ಕೆ ಬೆಲೆ ಉಂಟೆ? ಕಲೆಯನ್ನು ಬಲ್ಲವರು ಮಾತ್ರ ಕಲೆಯ ವಿಷಯ ಮಾತನಾಡಬೇಕೆಂದು ಕೆಲವರು ವಾದಿಸುತ್ತಾರೆ. ಜನ ಮೆಚ್ಚಿದ್ದೇ ಒಳ್ಳೆಯದು, ಉಳಿದ ಮಾತೆಲ್ಲ ವ್ಯರ್ಥವೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡು ವಾದಗಳಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹುಡುಕಿಕೊಳ್ಳಬೇಕಾದವನು ಪ್ರೇಕ್ಷಕನೇ.

ಕನ್ನಡದ ಪ್ರೇಕ್ಷಕ ಬರಿಗೈಯಲ್ಲಿ ಚಿತ್ರಮಂದಿರವನ್ನು ಪ್ರವೇಶಿಸಿದವನಲ್ಲ. 1934ರಲ್ಲಿ ‘ಸತಿ ಸುಲೋಚನಾ’ ತೆರೆಗೆ ಬಂದು ಚಿತ್ರದ ಪಾತ್ರಗಳು ಮೊಟ್ಟಮೊದಲಿಗೆ ಕನ್ನಡದಲ್ಲಿ ಮಾತನಾಡಿದಾಗ, ಆ ಕಥೆ ನೋಡುವವರಿಗೆ ಹೊಸದಾಗಿರಲಿಲ್ಲ. ಹರಿಕಥೆ, ಯಕ್ಷಗಾನ, ಬಯಲಾಟ, ಕಂಪನಿ ನಾಟಕಗಳು ಅವರ ಕಿವಿ ಕಣ್ಣುಗಳನ್ನು ಹದಗೊಳಿಸಿದ್ದವು. ಇಂದ್ರಜಿತುವಿನ ಪಾತ್ರಧಾರಿಯ ಗತ್ತು ಎಷ್ಟಿರಬೇಕು, ಯಾವ ಸನ್ನಿವೇಶಕ್ಕೆ ಯಾವ ಧ್ವನಿ ಒಪ್ಪುತ್ತದೆ ಎಂಬುದು ಅಕ್ಷರ ಬಾರದವರಿಗೂ ತಿಳಿದಿತ್ತು. ರಾಜಕುಮಾರ್ ಅವರನ್ನು ನಾಯಕನನ್ನಾಗಿ ಜನರ ಮುಂದೆ ನಿಲ್ಲಿಸಿದ 1954ರ ‘ಬೇಡರ ಕಣ್ಣಪ್ಪ’ ಕೂಡ ರಂಗಭೂಮಿಯಿಂದ ತೆರೆಗೆ ಬಂದ ಕಥೆಯೇ. ಹಳ್ಳಿಯ ಟೆಂಟು ಸಿನಿಮಾಗಳಲ್ಲಿ ಜನ ಮರಳಿನ ಮೇಲೆ ಕುಳಿತು ಚಿತ್ರ ನೋಡುತ್ತಿದ್ದರು. ಯಂತ್ರ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಕಡಲೆಕಾಯಿಯ ಜೊತೆಗೆ ಚರ್ಚೆಯೂ ನಡೆಯುತ್ತಿತ್ತು. ನಾಯಕ ಮಾಡಿದ್ದು ಸರಿಯೆ, ಮುಂದೆ ಅವನು ಏನು ಮಾಡಬೇಕು ಎಂಬುದನ್ನು ನೆಲದ ಮೇಲೆ ಕುಳಿತವರೇ ವಿಚಾರಿಸುತ್ತಿದ್ದರು. ಆದುದರಿಂದ ಸಾಮಾನ್ಯ ಪ್ರೇಕ್ಷಕನನ್ನು ಏನೂ ಅರಿಯದವನೆಂದು ತಳ್ಳಿಹಾಕುವುದು ಉಚಿತವಲ್ಲ.

ಅಡುಗೆಯ ರುಚಿ ಹೇಳುವುದಕ್ಕೆ ಅಡುಗೆಭಟ್ಟನೇ ಆಗಬೇಕಾಗಿಲ್ಲ. ಉಂಡವನು ಹೇಳಿದರೆ ಸಾಕು. ಆದರೆ “ಚೆನ್ನಾಗಿಲ್ಲ” ಎಂದಷ್ಟೇ ಹೇಳಿ ಎಲೆಯಿಂದ ಎದ್ದುಹೋದವನಿಂದ ಯಾರಿಗೂ ಪ್ರಯೋಜನವಿಲ್ಲ. ಉಪ್ಪು ಹೆಚ್ಚಾಯಿತೆ, ಬೇಳೆ ಬೇಯಲಿಲ್ಲವೆ, ಒಗ್ಗರಣೆ ಸೀದಿತೆ ಎಂಬುದನ್ನು ಹೇಳಿದವನ ಮಾತಿಗೆ ಅಡುಗೆಯವನೂ ಕಿವಿಗೊಡುತ್ತಾನೆ. ಚಲನಚಿತ್ರದ ವಿಷಯದಲ್ಲಿಯೂ ಇದೇ ನ್ಯಾಯ. ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ಉಂಟು. ಕಾರಣ ಹೇಳುವ ಹೊಣೆಯೂ ಆ ಹಕ್ಕಿನ ಜೊತೆಗೇ ಬರುತ್ತದೆ.

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲಿಯೇ ಸುಮಾರು ಎರಡು ವರ್ಷ ಓಡಿತು. ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಹಳ್ಳಿಯಲ್ಲಿ ನೆಲೆಸುವ ರಾಜೀವ, ಬಂಡೆಗಳಿಂದ ತುಂಬಿದ ಬರಡು ನೆಲವನ್ನು ಹಸನುಮಾಡಿ ಹೊಲವನ್ನಾಗಿಸುತ್ತಾನೆ. ಕೈಹಿಡಿದ ಹೆಂಡತಿಯನ್ನು ಕಳೆದುಕೊಂಡರೂ ದುಡಿಮೆಯನ್ನು ಬಿಡುವುದಿಲ್ಲ. ಕೊನೆಗೆ ತಾನೇ ಓದಿಸಿದ ಅಕ್ಕನ ಮಗ ಸಂಶಯದ ಮಾತನ್ನಾಡಿದಾಗ, ತಾನು ಬೆಳೆಸಿದ್ದೆಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಈ ಚಿತ್ರವನ್ನು ನೋಡಿ ಪಟ್ಟಣದ ಯುವಕರು ಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಜನ ಇದನ್ನು ಮೆಚ್ಚಿದ್ದು ಹಾಡುಗಳಿಗಾಗಿ, ರಾಜಕುಮಾರ್ ಅವರ ಅಭಿನಯಕ್ಕಾಗಿ ಎಂಬುದು ನಿಜ. ಆದರೆ ಅಷ್ಟಕ್ಕೇ ಎಂದು ಹೇಳಿದರೆ ಪ್ರೇಕ್ಷಕನಿಗೆ ಅನ್ಯಾಯವಾದೀತು. ಓದಿದವನು ಹಳ್ಳಿಯನ್ನು ಬಿಟ್ಟು ಓಡುತ್ತಿದ್ದ ಕಾಲದಲ್ಲಿ, ಓದಿದವನೊಬ್ಬ ಮಣ್ಣಿಗೆ ಕೈಹಾಕಿದ್ದನ್ನು ತೆರೆಯ ಮೇಲೆ ಕಂಡಾಗ ರೈತನ ಮಗನಿಗೆ ತನ್ನ ತಂದೆಯ ಕಸುಬಿನ ವಿಷಯದಲ್ಲಿ ಅಭಿಮಾನ ಮೂಡಿತು. ಇದು ಕಾರಣ ಸಹಿತವಾದ ಮೆಚ್ಚುಗೆ.

ಮೂರು ವರ್ಷಗಳ ಬಳಿಕ, 1975ರಲ್ಲಿ, ನೆಲವನ್ನೇ ಕುರಿತ ಇನ್ನೊಂದು ಚಿತ್ರ ಬಂದಿತು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯೇ ಆ ಚಿತ್ರ. ಚೋಮನೂ ದುಡಿಯುವವನೇ. ಅವನೂ ಒಂದು ಜೊತೆ ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಅವನ ಬಾಳಿನ ಆಸೆಯೂ ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬುದೇ. ಆದರೆ ಅಸ್ಪೃಶ್ಯ ಕುಲದಲ್ಲಿ ಹುಟ್ಟಿದ ತಪ್ಪಿಗೆ ಅವನಿಗೆ ಬೇಸಾಯ ಮಾಡುವ ಹಕ್ಕಿಲ್ಲ. ಅವನ ಮಗ ನೀರಿನಲ್ಲಿ ಮುಳುಗುತ್ತಿರುವಾಗ, ಮುಟ್ಟಬಾರದೆಂಬ ಕಟ್ಟಳೆಗೆ ಅಂಜಿ ದಡದಲ್ಲಿದ್ದವರು ಸುಮ್ಮನೆ ನಿಲ್ಲುತ್ತಾರೆ. ನೋವನ್ನು ಹೇಳಿಕೊಳ್ಳಲು ಚೋಮನಿಗೆ ಉಳಿಯುವುದು ಅವನ ದುಡಿಯೊಂದೇ. ಈ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ, ಚೋಮನ ಪಾತ್ರ ವಹಿಸಿದ ವಾಸುದೇವರಾಯರಿಗೆ ಅತ್ಯುತ್ತಮ ನಟನೆಂಬ ಪ್ರಶಸ್ತಿಯೂ ದೊರೆತವು.

ಎರಡೂ ಚಿತ್ರಗಳನ್ನು ನೋಡಿದ ಪ್ರೇಕ್ಷಕ ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ಯೋಚಿಸಿದರೆ ಏನಾಗುತ್ತದೆ? ಬೆವರು ಸುರಿಸಿದರೆ ನೆಲ ಬಂಗಾರವಾಗುತ್ತದೆ ಎಂದು ಮೊದಲನೆಯ ಚಿತ್ರ ಹೇಳುತ್ತದೆ. ಬೆವರು ಸುರಿಸಲು ಸಿದ್ಧನಾಗಿರುವವನಿಗೆ ನೆಲವನ್ನು ಕೊಟ್ಟವರು ಯಾರು ಎಂದು ಎರಡನೆಯದು ಕೇಳುತ್ತದೆ. ಎರಡು ಚಿತ್ರಗಳ ನಡುವೆ, 1974ರಲ್ಲಿ, ಉಳುವವನಿಗೇ ಭೂಮಿಯ ಒಡೆತನ ದೊರಕಿಸುವ ಭೂಸುಧಾರಣೆ ಕರ್ನಾಟಕದಲ್ಲಿ ಜಾರಿಗೆ ಬಂದಿತೆಂಬುದನ್ನೂ ನೆನೆದರೆ, ಆ ಪ್ರಶ್ನೆ ಕಥೆಯ ಪ್ರಶ್ನೆಯಾಗಿ ಉಳಿಯದೆ ನಾಡಿನ ಪ್ರಶ್ನೆಯಾಗುತ್ತದೆ. ಹೀಗೆ ಯೋಚಿಸುವವನು ಮೊದಲನೆಯ ಚಿತ್ರದ ಮೇಲಿನ ಪ್ರೀತಿಯನ್ನು ಬಿಟ್ಟುಕೊಡಬೇಕಾಗಿಲ್ಲ. ರಾಜೀವನ ದುಡಿಮೆಯ ಹಿರಿಮೆ ಅಲ್ಲಿಯೇ ಇರುತ್ತದೆ; ಚೋಮನ ದುಃಖದ ಅರಿವು ಅದಕ್ಕೆ ಸೇರಿಕೊಳ್ಳುತ್ತದೆ. ಒಂದು ಚಿತ್ರವನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದು ವಿಮರ್ಶೆಯ ಮೊದಲ ಮೆಟ್ಟಿಲು. ಅದನ್ನು ಹತ್ತಲು ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ.

ಪಾತ್ರಗಳ ನಡತೆಯನ್ನು ಪರೀಕ್ಷಿಸುವುದು ಎರಡನೆಯ ಮೆಟ್ಟಿಲು. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ, 1972ರ ‘ನಾಗರಹಾವು’ ವಿದ್ಯಾರ್ಥಿಗಳ ಮನಸ್ಸಿಗೆ ಹತ್ತಿರವಾದ ಚಿತ್ರ. ಚಿತ್ರದುರ್ಗದ ಕೋಟೆಯ ಹಿನ್ನೆಲೆಯಲ್ಲಿ ನಡೆಯುವ ಈ ಕಥೆಯಲ್ಲಿ ಹಟಮಾರಿ ಹುಡುಗ ರಾಮಾಚಾರಿಯನ್ನು ಪ್ರೀತಿಯಿಂದ ಪಳಗಿಸಬಲ್ಲವರು ಚಾಮಯ್ಯ ಮೇಷ್ಟರೊಬ್ಬರೇ. ವಿಷ್ಣುವರ್ಧನ್ ಮತ್ತು ಅಶ್ವತ್ಥ್ ಅವರ ಅಭಿನಯದಿಂದ ಆ ಶಿಷ್ಯನೂ ಗುರುವೂ ಜನರ ನೆನಪಿನಲ್ಲಿ ಸ್ಥಿರವಾಗಿ ನಿಂತಿದ್ದಾರೆ. ಗುರು ಹೇಳಿದ ಮಾತಿಗಾಗಿ ರಾಮಾಚಾರಿ ತಾನು ಒಲಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೊಂದು ದಿನ ಅವಳ ಬಾಳು ಹಾಳಾದುದನ್ನು ಕಣ್ಣಾರೆ ಕಾಣುತ್ತಾನೆ. ಅನಂತರ ಬೇರೆ ಮತದ ಮಾರ್ಗರೆಟ್‌ಳನ್ನು ವರಿಸಲು ಹೊರಟಾಗ ಮತ್ತೆ ಗುರುವೇ ಅಡ್ಡಬರುತ್ತಾರೆ. ಕೊನೆಗೆ ಗುರು ಶಿಷ್ಯರಿಬ್ಬರೂ ದುರ್ಗದ ಬಂಡೆಗಳ ನಡುವೆ ಪ್ರಾಣ ಕಳೆದುಕೊಳ್ಳುತ್ತಾರೆ.

ಈ ಚಿತ್ರದ ವಿಷಯದಲ್ಲಿ ಮನೆಮನೆಯಲ್ಲಿ ವಾದ ನಡೆಯುವುದುಂಟು. “ಗುರುವಿನ ಮಾತು ಮೀರಿದ್ದರಿಂದ ರಾಮಾಚಾರಿ ಕೆಟ್ಟ” ಎಂದು ತಂದೆ ಹೇಳಿದರೆ, “ಅಲ್ಲಪ್ಪ, ಮೀರದೆ ಇದ್ದಾಗಲೇ ಅವನು ಕೆಟ್ಟಿದ್ದು” ಎಂದು ಮಗ ಉತ್ತರಿಸಬಹುದು. ಇಬ್ಬರ ಮಾತಿಗೂ ಚಿತ್ರದಲ್ಲಿ ಆಧಾರವಿದೆ. ಮೇಷ್ಟರ ಪ್ರೀತಿ ನಿಷ್ಕಲ್ಮಷವಾದುದು. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಪ್ರೀತಿಯಿಂದ ಕೊಟ್ಟ ಸಲಹೆಯೆಲ್ಲವೂ ವಿವೇಕದ ಸಲಹೆಯೇ ಆಗಿರಬೇಕೆಂಬ ನಿಯಮವಿಲ್ಲ. ಲೋಕದ ಕಟ್ಟುಪಾಡಿಗೆ ಅಂಜಿ ಕೊಟ್ಟ ಸಲಹೆಯೊಂದು ಒಬ್ಬ ಹೆಣ್ಣಿನ ಬಾಳನ್ನು ಬಲಿ ತೆಗೆದುಕೊಂಡಿತಲ್ಲ, ಅದಕ್ಕೆ ಹೊಣೆ ಯಾರು? ಇಡೀ ಚಿತ್ರದಲ್ಲಿ ಅಲಮೇಲುವಿನ ಇಷ್ಟವನ್ನು ಕೇಳಿ ನಡೆದುಕೊಂಡವರು ಯಾರಾದರೂ ಇದ್ದಾರೆಯೆ? ಗುರುವನ್ನು ಗೌರವಿಸುತ್ತಲೇ ಈ ಪ್ರಶ್ನೆಯನ್ನು ಕೇಳಬಹುದು. ಪ್ರಶ್ನೆ ಕೇಳಿದ ಮಾತ್ರಕ್ಕೆ ಗೌರವಕ್ಕೆ ಕುಂದು ಬಾರದು. ‘ನಾಗರಹಾವು’ ನೋಡಿ ರಾಮಾಚಾರಿಯ ನಡಿಗೆಯನ್ನು ಅನುಕರಿಸಿದವರು ಬಹಳ ಮಂದಿ. ಅಲಮೇಲುವಿನ ಪರವಾಗಿ ಒಂದು ಮಾತು ಆಡಿದವನೇ ಆ ಚಿತ್ರವನ್ನು ಸರಿಯಾಗಿ ನೋಡಿದವನು.

1971ರ ‘ಕಸ್ತೂರಿ ನಿವಾಸ’ವೂ ಇಂಥ ಪರೀಕ್ಷೆಗೆ ತಕ್ಕ ಚಿತ್ರವೇ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಡುವುದನ್ನೇ ವ್ರತ ಮಾಡಿಕೊಂಡು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ತಾನು ಸಾಕಿದ ಪಾರಿವಾಳವನ್ನೂ ಮಾರಿ ಮನೆಗೆ ಬಂದ ಅತಿಥಿಗೆ ಊಟ ಬಡಿಸುತ್ತಾನೆ. ಅತಿಥಿ ಬಂದುದೋ ಆ ಪಾರಿವಾಳವನ್ನೇ ಕೇಳಲು! ಈ ಸನ್ನಿವೇಶಕ್ಕೆ ಕರಗದ ಹೃದಯವಿಲ್ಲ. ಹಾಗಿದ್ದರೂ, ಒಡೆಯನ ಔದಾರ್ಯದಿಂದ ಕಾರ್ಖಾನೆ ಕುಸಿದರೆ ಅದನ್ನೇ ನಂಬಿದ ಕೆಲಸಗಾರರ ಗತಿಯೇನು ಎಂದು ಕೇಳುವ ಪ್ರೇಕ್ಷಕ ಹೃದಯಹೀನನಲ್ಲ. ಕಣ್ಣೀರು ಒರೆಸಿಕೊಂಡ ಮೇಲೆ ಯೋಚಿಸುವುದನ್ನು ಕಲಿತವನು ಅವನು.

ಇಂಥ ಸ್ವತಂತ್ರ ವಿಚಾರಕ್ಕೆ ಅಡ್ಡಿಗಳು ಕೆಲವುಂಟು. ನಟನ ಮೇಲಿನ ಅತಿಯಾದ ಅಭಿಮಾನ ಅವುಗಳಲ್ಲಿ ಮೊದಲನೆಯದು. ಮೆಚ್ಚಿನ ನಟ ಅಭಿನಯಿಸಿದನೆಂದರೆ ಚಿತ್ರ ಒಳ್ಳೆಯದೇ, ಬೇರೊಬ್ಬ ನಟನದಾದರೆ ಕೆಟ್ಟದ್ದೇ ಎಂದು ಬಿಡುಗಡೆಗೆ ಮೊದಲೇ ತೀರ್ಮಾನಿಸಿದವನು ಚಿತ್ರವನ್ನು ನೋಡಿಯೂ ನೋಡಿದಂತಾಗುವುದಿಲ್ಲ. ಅಭಿಮಾನ ತಪ್ಪಲ್ಲ, ಆದರೆ ಒಳ್ಳೆಯ ನಟನಿಗೂ ಕೆಟ್ಟ ಕಥೆ ಸಿಕ್ಕಬಹುದೆಂಬುದನ್ನು ಒಪ್ಪುವಷ್ಟು ಪ್ರಾಮಾಣಿಕತೆ ಅಭಿಮಾನಿಗೆ ಇರಬೇಕು. ಹಾಗೆ ಹೇಳುವವನೇ ನಟನ ನಿಜವಾದ ಹಿತೈಷಿ.

ಎರಡನೆಯ ಅಡ್ಡಿ ಜನಸಂದಣಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಣ ಗಳಿಸಿದ್ದೆಲ್ಲ ಒಳ್ಳೆಯ ಚಿತ್ರವೂ ಅಲ್ಲ. ಅದೇ ರೀತಿ, ಜನ ನೋಡಿದರೆಂಬ ಮಾತ್ರಕ್ಕೆ ಒಂದು ಚಿತ್ರವನ್ನು ಹಗುರವಾಗಿ ಕಾಣುವುದೂ ಸಲ್ಲದು. ಪ್ರಶಸ್ತಿಯ ಮುದ್ರೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಅಧಿಕಾರದ ಮುದ್ರೆಯನ್ನೂ ನಂಬುವಂತಿಲ್ಲ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ 1970ರ ‘ಸಂಸ್ಕಾರ’ಕ್ಕೆ ಚಿತ್ರ ಪರಿಶೀಲನ ಮಂಡಳಿ ಮೊದಲು ನಿಷೇಧ ಹಾಕಿತು. ಆ ಚಿತ್ರಕ್ಕೇ ಬಳಿಕ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆಯಿತು. ನಿಷೇಧಿಸಿದಾಗ ಇದ್ದ ಚಿತ್ರವೂ ಮನ್ನಣೆ ಪಡೆದಾಗ ಇದ್ದ ಚಿತ್ರವೂ ಒಂದೇ; ಬದಲಾದುದು ಅದನ್ನು ತೂಗಿದ ತಕ್ಕಡಿ. ಆದಕಾರಣ ಕೊನೆಯ ತೂಕವನ್ನು ಪ್ರೇಕ್ಷಕ ತನ್ನ ತಕ್ಕಡಿಯಲ್ಲಿಯೇ ಮಾಡಿಕೊಳ್ಳಬೇಕಾಗುತ್ತದೆ.

ಇತ್ತೀಚಿನ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ ‘ಕೆ.ಜಿ.ಎಫ್.’ ಕನ್ನಡ ಚಿತ್ರವೊಂದು ಭಾರತದಾದ್ಯಂತ ಜನರನ್ನು ಸೆಳೆಯಬಲ್ಲದೆಂಬುದನ್ನು ತೋರಿಸಿಕೊಟ್ಟಿತು. ಅದರ ಛಾಯಾಗ್ರಹಣ, ವೇಗ, ವೈಭವಗಳು ಬೆರಗು ಹುಟ್ಟಿಸುವಂಥವು. ಆದರೆ ಚಿತ್ರದ ನರಾಚಿ ಎಂಬ ಗಣಿ ಕಥೆಗಾರನ ಕಲ್ಪನೆ. ಕೋಲಾರದ ನಿಜವಾದ ಚಿನ್ನದ ಗಣಿಯ ಕಥೆಯೇ ಬೇರೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಾರಿಕೆ ನಡೆಸಿತು. ಗಣಿಗೆ ಬೇಕಾದ ವಿದ್ಯುತ್ತು 1902ರಲ್ಲಿ ಶಿವನಸಮುದ್ರದಿಂದ ಹರಿದುಬಂದಿತು. ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಸುಡುವ ಬಿಸಿಯಲ್ಲಿ ಕಲ್ಲಿನ ಧೂಳನ್ನು ಉಸಿರಾಡುತ್ತ ಕಾರ್ಮಿಕರು ಚಿನ್ನ ತೆಗೆದರು. ಆ ಧೂಳಿನಿಂದ ಶ್ವಾಸಕೋಶದ ರೋಗಕ್ಕೆ ತುತ್ತಾದವರು ಅನೇಕರು. 2001ರಲ್ಲಿ ಗಣಿ ಮುಚ್ಚಿತು. ಈ ಚರಿತ್ರೆಯಲ್ಲಿ ಕತ್ತಿ ಬಂದೂಕು ಹಿಡಿದ ಒಬ್ಬನೇ ವೀರನಿಲ್ಲ. ಪ್ರತಿದಿನ ತೊಟ್ಟಿಲಿನಲ್ಲಿ ಇಳಿದು ಹತ್ತಿದ ಸಹಸ್ರಾರು ವೀರರಿದ್ದಾರೆ. ಚಿತ್ರ ಚರಿತ್ರೆಯನ್ನೇ ಹೇಳಬೇಕೆಂಬ ಕಟ್ಟಳೆಯಿಲ್ಲ. ಕಲ್ಪನೆ ಕಲಾವಿದನ ಹಕ್ಕು. ಕಲ್ಪನೆಯನ್ನೇ ಚರಿತ್ರೆಯೆಂದು ನಂಬದಿರುವುದು ಪ್ರೇಕ್ಷಕನ ಕರ್ತವ್ಯ.

2022ರ ‘ಕಾಂತಾರ’ದಲ್ಲಿ ಮತ್ತೆ ನೆಲದ ಪ್ರಶ್ನೆ ತಲೆದೋರಿತು. ಅರಸನೊಬ್ಬ ಕಾಡಿನ ಜನರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಅವನ ವಂಶದವರು ಮರಳಿ ಪಡೆಯಲು ಹವಣಿಸುವುದು ಅದರ ಕಥೆ. ಭೂತಾರಾಧನೆ ಆ ಕಥೆಯ ಉಸಿರು. ಬೇರೆ ಊರಿನ ಪ್ರೇಕ್ಷಕನಿಗೆ ದೈವದ ನರ್ತನ ರೋಮಾಂಚಕ ದೃಶ್ಯ. ತುಳುನಾಡಿನವನಿಗಾದರೋ ಅದು ಮನೆತನದ ನಂಬಿಕೆ. ಆದುದರಿಂದಲೇ ಚಿತ್ರ ನೋಡಿದ ಕೆಲವರು ಬೀದಿಗಳಲ್ಲಿ, ವೇದಿಕೆಗಳಲ್ಲಿ ದೈವದ ವೇಷವನ್ನೂ ಕೂಗನ್ನೂ ಅನುಕರಿಸತೊಡಗಿದಾಗ ಕರಾವಳಿಯ ಜನ ನೊಂದುಕೊಂಡರು. ಮೆಚ್ಚುವುದರಲ್ಲಿಯೂ ಒಂದು ಮರ್ಯಾದೆಯುಂಟೆಂಬುದನ್ನು ಈ ಸಂಗತಿ ತಿಳಿಸುತ್ತದೆ. ಕೂಗನ್ನು ಕಲಿತವರು ಹಲವರು. ಕಾಡಿನ ಜನರಿಗೆ ಅವರ ನೆಲ ಏಕೆ ಉಳಿಯಬೇಕೆಂದು ವಿಚಾರಿಸಿದವರು ಎಷ್ಟು ಮಂದಿ? ಚೋಮ ಕೇಳಿದ ಪ್ರಶ್ನೆ ಅರ್ಧ ಶತಮಾನದ ಹತ್ತಿರ ಹತ್ತಿರ ಕಳೆದ ಮೇಲೂ, ಬೇರೆ ವೇಷದಲ್ಲಿ, ಬಣ್ಣದ ತೆರೆಯ ಮೇಲೆ ಕಾಣಿಸಿಕೊಂಡಿತೆಂಬುದನ್ನು ಗಮನಿಸಿದವನ ಅಭಿಪ್ರಾಯ ಕೇಳುವುದಕ್ಕೆ ಯೋಗ್ಯವಾದುದು.

ಪ್ರೇಕ್ಷಕನ ಅಭಿಪ್ರಾಯ ಕಾಲಕ್ಕೆ ತಕ್ಕಂತೆ ಬೆಳೆಯುವುದೂ ಸಹಜವೇ. ಹತ್ತನೆಯ ವಯಸ್ಸಿನಲ್ಲಿ ಹೊಡೆದಾಟಕ್ಕಾಗಿ ನೋಡಿದ ಚಿತ್ರವನ್ನು ಇಪ್ಪತ್ತರಲ್ಲಿ ಹಾಡಿಗಾಗಿ, ನಲವತ್ತರಲ್ಲಿ ಒಂದು ಮಾತಿಗಾಗಿ ನೋಡುವವರಿದ್ದಾರೆ. ಎರಡನೆಯ ಸಲ ನೋಡಿದಾಗ ಸಪ್ಪೆಯೆನಿಸುವ ಚಿತ್ರಗಳುಂಟು. ಮೊದಲ ಸಲ ಬೇಸರ ತಂದು, ಬಳಿಕ ಮನಸ್ಸಿನಲ್ಲಿ ಮೆಲ್ಲಗೆ ಬೇರೂರುವ ಚಿತ್ರಗಳೂ ಉಂಟು. ಕಾರಣ ತಿಳಿದು ಅಭಿಪ್ರಾಯವನ್ನು ಬದಲಿಸಿಕೊಳ್ಳುವುದು ಚಂಚಲತೆಯಲ್ಲ, ಬೆಳವಣಿಗೆ. ಕಾರಣವಿಲ್ಲದೆ ಹಿಡಿದ ಹಟವೇ ದೌರ್ಬಲ್ಯ.

ಹಾಗಾದರೆ ಚಿತ್ರ ನೋಡಿ ಬಂದವನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದೇನು? ಚಿತ್ರದಲ್ಲಿ ಯಾವುದು ಮನಸ್ಸನ್ನು ತಟ್ಟಿತು, ಏಕೆ ತಟ್ಟಿತು? ಅಲ್ಲಿ ಯಾರ ಸುಖ ದುಃಖಗಳನ್ನು ವಿಸ್ತಾರವಾಗಿ ತೋರಿಸಿದರು, ಯಾರನ್ನು ಮರೆತರು? ನಾಯಕ ಮಾಡಿದ ಕೆಲಸವನ್ನು ನೆರೆಮನೆಯವನೊಬ್ಬ ಮಾಡಿದ್ದರೆ ಅದು ಮೆಚ್ಚುಗೆಯಾಗುತ್ತಿತ್ತೆ? ಇಷ್ಟನ್ನು ಕೇಳಿಕೊಂಡು, ಬಂದ ಉತ್ತರವನ್ನು ನಾಲ್ಕು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳಬಲ್ಲವನು ಟಿಕೆಟ್ಟಿಗೆ ಕೊಟ್ಟ ಹಣಕ್ಕಿಂತ ಹೆಚ್ಚಿನದನ್ನು ಗಳಿಸಿದಂತೆ. ತನಗೆ ಒಪ್ಪದ ಅಭಿಪ್ರಾಯವನ್ನು ಕೊನೆಯವರೆಗೆ ಕೇಳುವ ತಾಳ್ಮೆಯೂ ಸೇರಿದರೆ ಆ ಗಳಿಕೆ ಇಮ್ಮಡಿಯಾಗುತ್ತದೆ.

ಒಂದು ಚಿತ್ರವನ್ನು ಕುರಿತ ಅಭಿಪ್ರಾಯ ಚಿಕ್ಕ ವಿಷಯವೆಂದು ತೋರಬಹುದು. ಆದರೆ ಮೂರು ಗಂಟೆಯ ಕಥೆಯ ವಿಷಯದಲ್ಲಿ ನೆರೆಯವನು ಚಪ್ಪಾಳೆ ತಟ್ಟಿದನೆಂದು ತಾನೂ ತಟ್ಟುವವನು, ನಾಡಿನ ದೊಡ್ಡ ವಿಷಯಗಳು ಎದುರಾದಾಗಲೂ ನೆರೆಯವನ ಕೈಯನ್ನೇ ನೋಡುತ್ತ ನಿಲ್ಲುತ್ತಾನೆ. ಯಾರು ಒಳ್ಳೆಯವರು, ಯಾವ ಮಾತು ನಿಜ, ಯಾವುದಕ್ಕೆ ತನ್ನ ಒಪ್ಪಿಗೆ ಸಲ್ಲಬೇಕು ಎಂಬುದನ್ನು ಪ್ರಜೆಗಳೇ ನಿರ್ಣಯಿಸಬೇಕಾದ ದೇಶ ಇದು. ಆ ನಿರ್ಣಯ ಶಕ್ತಿ ಹದಿನೆಂಟು ತುಂಬಿದ ದಿನ ಇದ್ದಕ್ಕಿದ್ದಂತೆ ಬಂದು ಸೇರುವುದಿಲ್ಲ. ಓದಿದ ಪಾಠ, ಕೇಳಿದ ಭಾಷಣ, ನೋಡಿದ ಚಿತ್ರ ಎಲ್ಲದರ ಮುಂದೆಯೂ “ಏಕೆ?” ಎಂದು ಕೇಳಿ ಕೇಳಿ ಅದನ್ನು ಎಳೆಯ ವಯಸ್ಸಿನಿಂದಲೇ ಬೆಳೆಸಿಕೊಳ್ಳಬೇಕು. ಚಿತ್ರಮಂದಿರದ ಕತ್ತಲೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಚಿತ್ರವನ್ನು ನೋಡುತ್ತಾರೆ. ಬೆಳಕಿಗೆ ಬಂದ ಮೇಲೆ ಪ್ರತಿಯೊಬ್ಬನೂ ತನ್ನ ಬುದ್ಧಿಯಿಂದ ಯೋಚಿಸಿ ಮಾತನಾಡಿದರೆ, ಸಾಮಾನ್ಯ ಪ್ರೇಕ್ಷಕನ ತೀರ್ಪು ಸಾಮಾನ್ಯವಾಗಿ ಉಳಿಯುವುದಿಲ್ಲ.